ಎಟಿವಿಗೆ ಹಾಕಿದ ಎಜಿಎಂ ಬ್ಯಾಟರಿ: ಎಂಟು ತಿಂಗಳು ಓಡಿಸಿದ ಮೇಲೆ

ಬ್ಯಾಟರಿ ಚೆನ್ನಾಗಿದೆ. ಎಂಟು ತಿಂಗಳಿಂದ ನನ್ನ ಎಟಿವಿಯಲ್ಲಿದೆ (ಕಚ್ಚಾ ದಾರಿಯಲ್ಲಿ ಓಡಿಸುವ, ದಪ್ಪ ಚಕ್ರದ ಗಾಡಿ), ಒಂದು ದಿನವೂ ಸೆಲ್ಫ್ ಕೈಕೊಟ್ಟಿಲ್ಲ. ಆದರೆ ಪೆಟ್ಟಿಗೆಯಲ್ಲಿ ಬಂದ ಸೂಚನೆಯ ಹಾಳೆಯನ್ನಷ್ಟೇ ನಂಬಿ ಹಾಕಿದ್ದರೆ ಇಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ತಂದದ್ದು ವೈಟಿಎಕ್ಸ್14-ಬಿಎಸ್ ಅಳತೆಯದು. 12 ವೋಲ್ಟ್, 12 ಆಂಪಿಯರ್-ಅವರ್. ಉದ್ದ 150, ಅಗಲ 87, ಎತ್ತರ 145 ಮಿಲಿಮೀಟರ್. ಮಧ್ಯಮ ಗಾತ್ರದ ಎಷ್ಟೋ ಎಟಿವಿಗಳಿಗೆ ಇದೇ ಅಳತೆ ಬರುತ್ತದೆ, ಆದರೂ ನಿಮ್ಮ ಹಳೇ ಬ್ಯಾಟರಿಯ ಮೇಲಿನ ನಂಬರ್ ನೋಡಿಯೇ ತನ್ನಿ. ಅಳತೆ ಸರಿಯಿದ್ದು ಪ್ಲಸ್ ಟರ್ಮಿನಲ್ ಆ ಕಡೆ ಬದಲು ಈ ಕಡೆ ಇದ್ದರೆ ಕೇಬಲ್ ಮುಟ್ಟುವುದೇ ಇಲ್ಲ. ಎಜಿಎಂ ಅಂದರೆ ಒಳಗೆ ಆಸಿಡ್ ಕುಲುಕಾಡುವುದಿಲ್ಲ. ಪ್ಲೇಟುಗಳ ನಡುವೆ ಗಾಜಿನ ನಾರಿನ ಪದರ ಇರುತ್ತದೆ, ಅದು ಆಸಿಡ್ಡನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ದಿಬ್ಬ ಹತ್ತಿ, ಗುಂಡಿಗೆ ಇಳಿದು, ಓರೆಯಾಗಿ ನಿಲ್ಲುವ ಗಾಡಿಗೆ ಇದೇ ಸರಿ.

ಈಗ ಹಳೇ ಬ್ಯಾಟರಿ ವಿಷಯ. ಬೆಳಿಗ್ಗೆ ಬಟನ್ ಒತ್ತಿದರೆ ಎಂಜಿನ್ ನಿಧಾನಕ್ಕೆ ಒಂದು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಆಮೇಲೆ ಬರೀ ಟಕ್ ಟಕ್ ಟಕ್, ಹೆಡ್‌ಲೈಟ್ ಮಂಕು. ಆ ಸದ್ದು ಸ್ಟಾರ್ಟರ್ ರಿಲೇಯದು, ಅಂದರೆ ಬಟನ್ ಒತ್ತಿದಾಗ ಸ್ಟಾರ್ಟರ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್. ರಿಲೇ ಎಳೆದುಕೊಳ್ಳಲು ಸಾಕಾಗುವಷ್ಟು ಕರೆಂಟ್ ಇರುತ್ತದೆ, ಎಳೆದ ಕೂಡಲೇ ಮೋಟರ್ ಭಾರಕ್ಕೆ ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಟ್ಟುಬಿಡುತ್ತದೆ, ಬಿಟ್ಟ ಮೇಲೆ ವೋಲ್ಟೇಜ್ ಮತ್ತೆ ಏರಿ ಇನ್ನೊಮ್ಮೆ ಎಳೆಯುತ್ತದೆ. ಇದೇ ಸುತ್ತು. ಹಾಗಲ್ಲದೆ ಒಂದೇ ಒಂದು ಗಟ್ಟಿ ಟಕ್ ಬಂದು, ಲೈಟ್ ಮಂಕಾಗದೆ, ಮೋಟರ್ ತಿರುಗದೇ ಇದ್ದರೆ ಬ್ಯಾಟರಿಗಿಂತ ಮೊದಲು ರಿಲೇ ಮತ್ತು ಮೋಟರ್ ನೋಡಿ.

ದಯವಿಟ್ಟು ಮೀಟರ್ ಹಿಡಿಯದೆ ಹೊಸ ಬ್ಯಾಟರಿ ತರಬೇಡಿ. ಸಾಧಾರಣ ಮಲ್ಟಿಮೀಟರ್ ಸಾಕು. ಗಾಡಿಯನ್ನು ರಾತ್ರಿಯಿಡೀ ಸುಮ್ನೆ ಬಿಟ್ಟು ಬೆಳಿಗ್ಗೆ ಟರ್ಮಿನಲ್ ಮೇಲೆ ಇಟ್ಟು ನೋಡಿ. ಎಜಿಎಂ ಪೂರ್ತಿ ತುಂಬಿದ್ದರೆ 12.8 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.4 ಅಂದರೆ ಚಾರ್ಜ್ ಸಾಕಷ್ಟು ಇಳಿದಿದೆ. 12ಕ್ಕೆ ಬಂದರೆ ಹೆಚ್ಚುಕಮ್ಮಿ ಖಾಲಿ. ನನ್ನದು 12.1 ಇತ್ತು. ಖಾಲಿಯಾಗಿದ್ದೂ ಕೆಟ್ಟಿದ್ದೂ ಒಂದೇ ಅಲ್ಲ, ಅಲ್ವಾ? ಅದಕ್ಕೆ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿದೆ. 12.6. ನೋಡೋಕೆ ಪರವಾಗಿಲ್ಲ. ಆದರೆ ಮೀಟರ್ ಹಚ್ಚಿಕೊಂಡೇ ಬಟನ್ ಒತ್ತಿದಾಗ ಅಂಕಿ ಸರಸರ ಇಳಿದು 8.4ಕ್ಕೆ ಬಂತು. ಚಾರ್ಜ್ ತುಂಬಿದ ಬ್ಯಾಟರಿ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಹೋದರೆ ಅದರಲ್ಲಿ ಜೀವ ಉಳಿದಿಲ್ಲ ಅಂತಲೇ ಲೆಕ್ಕ. ತಿಂಗಳುಗಟ್ಟಲೆ ಅರ್ಧಂಬರ್ಧ ಚಾರ್ಜಲ್ಲಿ ಬಿದ್ದಿದ್ದರೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ವೋಲ್ಟ್ ತೋರಿಸುತ್ತದೆ, ಭಾರ ಹೊರುವುದಿಲ್ಲ.

ಸರಿ, ಬ್ಯಾಟರಿ ಹೋಯಿತು. ಆದರೆ ಯಾಕೆ ಹೋಯಿತು? ಇದನ್ನು ಹುಡುಕಲು ನನಗೆ ಎರಡು ಸಂಜೆ ಬೇಕಾಯಿತು, ಅದಕ್ಕೆ ಕೊಟ್ಟ ಒಂದೊಂದು ನಿಮಿಷವೂ ಸಾರ್ಥಕ.

ಮೊದಲು ಚಾರ್ಜಿಂಗ್ ನೋಡಿದೆ. ಎಂಜಿನ್ ಶುರು ಮಾಡಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಾಗ ಟರ್ಮಿನಲ್ ಮೇಲೆ 14.2 ಬಂತು. 13.5ರಿಂದ 14.5ರ ಒಳಗಿದ್ದರೆ ಸ್ಟೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವುದು), ರೆಗ್ಯುಲೇಟರ್ (ಆ ವೋಲ್ಟೇಜನ್ನು ಹದಕ್ಕೆ ಇಡುವುದು) ಎರಡೂ ಕೆಲಸ ಮಾಡುತ್ತಿವೆ ಅಂತ ಅರ್ಥ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಹೊಸ ಬ್ಯಾಟರಿ ಹಾಕಿದರೂ ಅದನ್ನು ಬೇಯಿಸಿ ಹಾಕುತ್ತದೆ. ಆಮೇಲೆ ಅರ್ತ್ ಕೇಬಲ್. ಮೀಟರಿನ ಒಂದು ಕಡ್ಡಿ ಮೈನಸ್ ಟರ್ಮಿನಲ್ ಮೇಲೆ, ಇನ್ನೊಂದು ಎಂಜಿನ್ ಮೈಮೇಲೆ ಇಟ್ಟು ಬಟನ್ ಒತ್ತಿದೆ. 0.9 ವೋಲ್ಟ್ ಅಲ್ಲೇ ಸೋರುತ್ತಿತ್ತು. ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ತುಕ್ಕು. ಉಜ್ಜಿ ಬಿಗಿದ ಮೇಲೆ 0.1ಕ್ಕೆ ಇಳಿಯಿತು.

ನಿಜವಾದ ಕಳ್ಳ ಬೇರೆ ಕಡೆ ಇದ್ದ. ಕೀ ತೆಗೆದು, ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಕರೆಂಟ್ ಅಳೆಯುವ ಹಾಗೆ ಸೇರಿಸಿದೆ. ಮೊದಲು 10 ಆಂಪಿಯರ್ ತೂತಿನಲ್ಲೇ ವೈರ್ ಹಾಕಿ, ಆಗ ಕೀ ತಿರುಗಿಸಬೇಡಿ, ಸ್ಟಾರ್ಟ್ ಬಟನ್ ಅಂತೂ ಮುಟ್ಟಲೇಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ನನಗೆ ಸಿಕ್ಕಿದ್ದು 30 ಮಿಲಿ ಆಂಪಿಯರ್. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋದೆ. ಹ್ಯಾಂಡಲ್ ಹತ್ತಿರ ಫೋನ್ ಚಾರ್ಜ್ ಮಾಡಲು ಹಾಕಿದ್ದ ಯುಎಸ್‌ಬಿ ಸಾಕೆಟ್ಟಿನ ಫ್ಯೂಸ್ ತೆಗೆದಾಗ ಅಂಕಿ ಹೆಚ್ಚುಕಮ್ಮಿ ಸೊನ್ನೆಗೆ ಬಂತು. ಅದಕ್ಕೆ ನೇರ ಬ್ಯಾಟರಿಯಿಂದಲೇ ವೈರ್ ಎಳೆದಿತ್ತು, ಸಣ್ಣ ನೀಲಿ ದೀಪ ಹಗಲೂ ರಾತ್ರಿಯೂ ಉರಿಯುತ್ತಿತ್ತು. 30 ಮಿಲಿ ಆಂಪಿಯರ್ ಅಂದರೆ ದಿನಕ್ಕೆ 0.72 ಆಂಪಿಯರ್-ಅವರ್. 12ರ ಬ್ಯಾಟರಿ ಹದಿನೇಳು ದಿನಕ್ಕೆ ಖಾಲಿ! ನನ್ನ ಗಾಡಿ ಮೂರು ವಾರ ನಿಲ್ಲುವುದು ಮಾಮೂಲು. ಹಳೇ ಬ್ಯಾಟರಿ ಪಾಪ ಎಷ್ಟು ಸಲ ತಳ ಮುಟ್ಟಿರಬೇಕು. ಈಗ ಆ ಸಾಕೆಟ್ಟನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಸೇರಿಸಿದ್ದೇನೆ. ಇದನ್ನು ಹುಡುಕದೆ ಹೊಸದು ಹಾಕಿದ್ದರೆ ಅದಕ್ಕೂ ಅದೇ ಗತಿ ಬರುತ್ತಿತ್ತು.

ಇನ್ನು ಹೊಸದರ ಬಗ್ಗೆ. ಇದು ಒಣಗಿದ ಸ್ಥಿತಿಯಲ್ಲೇ ಬರುತ್ತದೆ, ಜೊತೆಗೆ ಆರು ಸೀಸೆ ಒಟ್ಟಿಗೆ ಅಂಟಿದಂಥ ಆಸಿಡ್ ಪ್ಯಾಕ್. ಅಳತೆ ಸರಿಯಾಗಿ ತುಂಬಿಯೇ ಕೊಟ್ಟಿರುತ್ತಾರೆ. ಗ್ಲೌಸ್, ಕನ್ನಡಕ ಹಾಕಿಕೊಂಡು, ಗಾಳಿ ಆಡುವ ಕಡೆ ಕೂತು ಮಾಡಿ. ಪ್ಯಾಕಿನ ಮೇಲಿನ ಮುಚ್ಚಳದ ಪಟ್ಟಿಯನ್ನು ಎಸೆಯಬೇಡಿ, ಕೊನೆಗೆ ಬ್ಯಾಟರಿಗೆ ಮುಚ್ಚುವುದು ಅದನ್ನೇ. ಸೀಸೆಗಳ ಬಾಯಿಯ ಫಾಯಿಲ್ ಕೀಳಬಾರದು, ಚುಚ್ಚಲೂಬಾರದು. ಹಾಗೇ ತಲೆಕೆಳಗು ಮಾಡಿ ಆರು ತೂತುಗಳ ಮೇಲೆ ಒತ್ತಿದರೆ ತಾನೇ ಒಡೆಯುತ್ತದೆ. ಗುಳುಗುಳು ಅಂತ ಗುಳ್ಳೆ ಏಳುತ್ತಾ ಆಸಿಡ್ ಇಳಿಯುತ್ತದೆ. ನನ್ನದರಲ್ಲಿ ಐದು ಸೀಸೆ ಇಳಿದು ಒಂದರಲ್ಲಿ ಗುಳ್ಳೆ ನಿಂತುಬಿಟ್ಟಿತ್ತು, ಅದರ ತಳಕ್ಕೆ ಬೆರಳಲ್ಲಿ ಎರಡು ಸಲ ತಟ್ಟಿದ ಮೇಲೆ ಇಳಿಯಿತು.

ಹಾಳೆಯಲ್ಲಿ ಬರೆದದ್ದು ಇಷ್ಟೇ: ತುಂಬಿ, ಮುಚ್ಚಿ, ಗಾಡಿಗೆ ಹಾಕಿ. ನನಗೆ ಸಿಟ್ಟು ಬಂದದ್ದು ಇಲ್ಲೇ. ಆಸಿಡ್ ತುಂಬಿದ ಕೂಡಲೇ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಅರ್ಧ ಗಂಟೆಗೂ ಜಾಸ್ತಿ ಹೀರಿಕೊಳ್ಳಲು ಬಿಟ್ಟು ನೋಡಿದಾಗ 12.5 ಇತ್ತು. ಎಟಿವಿಯಲ್ಲಿ ಹತ್ತು ನಿಮಿಷದ ಓಡಾಟ ಆ ಕೊರತೆಯನ್ನು ತುಂಬುವುದಿಲ್ಲ. ಮೊದಲ ಚಾರ್ಜನ್ನು ನಿಧಾನಕ್ಕೆ, ಸಾಮರ್ಥ್ಯದ ಹತ್ತನೇ ಒಂದು ಭಾಗ, ಅಂದರೆ 1.2 ಆಂಪಿಯರ್ ಲೆಕ್ಕದಲ್ಲಿ ಕೊಡಬೇಕು. ಕೊಟ್ಟು, ಬಿಟ್ಟು, ಅಳೆದಾಗ 12.9. ಆಮೇಲೆ ಪಟ್ಟಿಯನ್ನು ಒತ್ತಿ ಮುಚ್ಚಿದೆ. ಅದನ್ನು ಮತ್ತೆ ಯಾವತ್ತೂ ತೆಗೆಯುವಂತಿಲ್ಲ, ನೀರು ಹಾಕುವ ಕೆಲಸವೂ ಇಲ್ಲ.

ಹಾಕುವಾಗ ಒಂದು ಕಿರಿಕಿರಿ ಎಲ್ಲರಿಗೂ ಗೊತ್ತಿರುವುದೇ. ಟರ್ಮಿನಲ್ ಒಳಗಿನ ಚೌಕದ ನಟ್ಟು ಸಡಿಲವಾಗಿ ಕೂತಿರುತ್ತದೆ, ಮೇಲಿಂದ ಬೋಲ್ಟ್ ಒತ್ತಿದರೆ ಕೆಳಗೆ ಜಾರುತ್ತದೆ, ಮರೆ (ಥ್ರೆಡ್) ಸಿಗುವುದಿಲ್ಲ. ನಟ್ಟಿನ ಅಡಿಗೆ ಸಣ್ಣ ಸ್ಪಂಜಿನ ತುಂಡು ತುರುಕಿದೆ, ಒಂದೇ ಸಲಕ್ಕೆ ಹಿಡಿಯಿತು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಮೈನಸ್ ಕಳಚಿದ್ದರೆ ಸ್ಪ್ಯಾನರ್ ಜಾರಿ ಪ್ಲಸ್ಸಿಗೂ ಫ್ರೇಮಿಗೂ ತಗುಲಿದರೂ ಕಿಡಿ ಏಳುವುದಿಲ್ಲ.

ಎಂಟು ತಿಂಗಳ ಲೆಕ್ಕ ಹೇಳುವುದಾದರೆ, ಈಗಲೂ ಸ್ಟಾರ್ಟ್ ಮಾಡುವಾಗ 10.6ಕ್ಕಿಂತ ಕೆಳಗೆ ಹೋಗುವುದಿಲ್ಲ. ಮೂರು ವಾರ ಮುಟ್ಟದೆ ಬಿಟ್ಟಾಗ 12.7 ಇತ್ತು. ವಿಂಚ್ (ಗಾಡಿ ಸಿಕ್ಕಿಕೊಂಡಾಗ ಹಗ್ಗ ಸುತ್ತಿ ಎಳೆಯುವ ಮೋಟರ್) ಎಳೆಯುವಾಗ ಮಾತ್ರ ಎಂಜಿನ್ ಓಡುತ್ತಿರಬೇಕು, ವಿಂಚ್ ತಿನ್ನುವ ಕರೆಂಟಿಗೆ ಇಷ್ಟು ಸಣ್ಣ ಬ್ಯಾಟರಿ ಜಾಸ್ತಿ ಹೊತ್ತು ತಡೆಯದು. ಚಳಿಯಲ್ಲೂ ಎದ್ದಿದೆ, ತುಸು ಭಾರವಾಗಿ ತಿರುಗಿತು ಅಷ್ಟೇ.

ಲಿಥಿಯಂ ತೆಗೆದುಕೊಳ್ಳಬಹುದಿತ್ತಲ್ಲ ಅಂತ ಗೆಳೆಯರು ಕೇಳಿದರು. ತೂಕ ತುಂಬಾ ಕಮ್ಮಿ, ನಿಜ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಹಾನಿಯಾಗುತ್ತದೆ, ಚಾರ್ಜರೂ ಅದಕ್ಕೆ ತಕ್ಕದ್ದೇ ಬೇಕು. ಇಷ್ಟು ಭಾರದ ಗಾಡಿಯಲ್ಲಿ ಎರಡು ಮೂರು ಕಿಲೋ ಉಳಿಸಿ ನನಗೆ ಆಗಬೇಕಾದ್ದೇನೂ ಇರಲಿಲ್ಲ.

ಜೊತೆಗೆ ಕೊಟ್ಟ ಬೋಲ್ಟುಗಳು ಗಿಡ್ಡ. ವಿಂಚಿನ ಕೇಬಲ್ಲೂ ಅದೇ ಟರ್ಮಿನಲ್ಲಿಗೆ ಸೇರಿದರೆ ಮರೆ ಸಾಲುವುದಿಲ್ಲ, ನಾನು ಉದ್ದದ್ದು ಹಾಕಿಕೊಂಡೆ. ಬ್ಯಾಟರಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹಾಳೆಗೆ ಒಂದು.