ಪೆನಾಂಗ್‌ನಲ್ಲಿ ತಿಂದು ಸುತ್ತೋಕೆ ಗೈಡ್ ಬೇಕಾ?

ಕಾಫಿ ಕೊಯ್ಲು ಮುಗಿಸಿ ಈ ಸಲ ಅಮ್ಮನನ್ನು ಮಲೇಷ್ಯಾದ ಪೆನಾಂಗ್‌ಗೆ ಕರೆದುಕೊಂಡು ಹೋಗಿದ್ದೆ. ಜಾರ್ಜ್ ಟೌನ್‌ನಲ್ಲಿ ಎರಡು ದಿನ ತಿನ್ನುವುದು, ತಿರುಗುವುದು, ಅಷ್ಟೇ. ಮೊದಲ ದಿನ ಗೈಡ್ ಇರುವ ಫುಡ್ ಟೂರ್. ಎರಡನೇ ದಿನ ನಾವಿಬ್ಬರೇ. ವಿರಾಜಪೇಟೆಗೆ ವಾಪಸ್ ಬಂದ ಮೇಲೆ ನೆಂಟರೆಲ್ಲ ಯಾವುದು ಒಳ್ಳೆಯದು ಅಂತ ಕೇಳುತ್ತಿದ್ದಾರೆ. ಎರಡನೇ ದಿನವೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಟೂರ್‌ನಲ್ಲಿ ತಿಂದದ್ದೆಲ್ಲ ರುಚಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಅವಸರದಲ್ಲಿ. ಮೂರೂವರೆ ಗಂಟೆ, ಆರು ಅಂಗಡಿ, ಹನ್ನೊಂದು ಜನ. ಅಮ್ಮನಿಗೆ ಮಂಡಿನೋವು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಎಲ್ಲರೂ ಎದ್ದು ನಿಂತಿರುತ್ತಿದ್ದರು. ಮೂರನೇ ಅಂಗಡಿಗೇ ಹೊಟ್ಟೆ ತುಂಬಿತ್ತು. ಉಳಿದದ್ದನ್ನು ದುಡ್ಡು ಕೊಟ್ಟಾಗಿದೆ ಅಂತ ಸುಮ್ನೆ ತಿಂದೆವು.

ನನಗೆ ಇವತ್ತಿಗೂ ಬೇಜಾರು ಅಸಾಮ್ ಲಕ್ಸಾ ಅಂಗಡಿಯದು. ಮೀನು ಹಾಕಿದ ಹುಳಿ ಸಾರು, ಅದರಲ್ಲಿ ದಪ್ಪ ಅಕ್ಕಿ ಶಾವಿಗೆ, ಮೇಲೆ ಪುದೀನ. ಒಂದು ಚಮಚ ಕುಡಿದು ಅಮ್ಮ, "ಇದು ನಮ್ಮ ಕಾಚಂಪುಳಿ ತರ ಇದೆ ಅಲ್ವಾ?" ಅಂದರು. ಮಾಡಿದವರನ್ನೇ ಕೇಳೋಣ ಅಂತ ಎದ್ದರು. ಹೊತ್ತಾಯಿತು ಅಂತ ಗೈಡ್ ಹೊರಡಿಸಿಬಿಟ್ಟರು. ಕಾಚಂಪುಳಿ ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ. ಅದನ್ನು ಹಾಕಿ ನಲವತ್ತು ವರ್ಷದಿಂದ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಮಾಡುತ್ತಿರುವವರು ಅಮ್ಮ. ಆ ಹುಳಿ ಯಾವುದು ಅಂತ ತಿಳಿಯದೆ ಅವರಿಗೆ ಸಮಾಧಾನವಾಗುತ್ತದಾ? ರಾತ್ರಿ ಮಲಗುವವರೆಗೂ ಅದೇ ಮಾತು.

ಮರುದಿನ ಮೊದಲು ಅಲ್ಲಿಗೇ ಹೋದೆವು. ಅಂಗಡಿಯಾಕೆ ಒಣಗಿಸಿದ ಹುಳಿ ಹೋಳುಗಳನ್ನು ತಂದು ಅಮ್ಮನ ಕೈಗೆ ಕೊಟ್ಟರು. ಅಸಾಮ್ ಗೆಲುಗೂರ್ ಅಂತ ಹೆಸರು. ನಮ್ಮ ಕಾಚಂಪುಳಿಯ ಹಣ್ಣು, ಇದು, ಎರಡೂ ಗಾರ್ಸಿನಿಯಾ ಅನ್ನುವ ಒಂದೇ ಗಿಡಗಳ ಬಳಗದವೇ. ನಾವು ರಸ ಕಾಯಿಸಿ ಕಪ್ಪಗೆ ಇಳಿಸುತ್ತೇವೆ, ಅವರು ಹೋಳು ಒಣಗಿಸುತ್ತಾರೆ. ಲಕ್ಸಾಗೆ ಹುಣಸೆಹುಳಿಯೂ ಬೀಳುತ್ತದೆ. ಅಮ್ಮ ಮೂಸಿದರು, ನೆಕ್ಕಿ ನೋಡಿದರು, ಆಮೇಲೆ ಇನ್ನೊಂದು ಬಟ್ಟಲು ತರಿಸಿದರು.

ಆಮೇಲೆ ಒಂದು ಕೋಪಿಟಿಯಾಮ್‌ನಲ್ಲಿ, ಅಂದರೆ ಅಲ್ಲಿನ ಕಾಫಿ ಅಂಗಡಿಯಲ್ಲಿ, ಒಂದೂವರೆ ಗಂಟೆ ಕೂತೆವು. ಯಾರೂ ಎಬ್ಬಿಸಲಿಲ್ಲ. ಕುಡಿಯೋಕೆ ಏನಾದರೂ ತರಿಸಬೇಕು, ತಿಂಡಿಯನ್ನು ಒಳಗಿನ ಯಾವ ಗಾಡಿಯಿಂದ ಬೇಕಾದರೂ ತರಿಸಬಹುದು. ಅಲ್ಲಿ ಕಾಫಿ ಬೀಜ ಹುರಿಯುವಾಗಲೇ ಸಕ್ಕರೆ, ಬೆಣ್ಣೆಯಂಥ ಮಾರ್ಗರಿನ್ ಹಾಕುತ್ತಾರೆ. ರೋಬಸ್ಟಾ ಬೆಳೆಯುವ ನನಗೆ ಮೊದಲು ಕಸಿವಿಸಿಯಾಯಿತು, ಎರಡನೇ ಲೋಟಕ್ಕೆ ಇಷ್ಟವಾಯಿತು. ಹಾಲು, ಸಕ್ಕರೆ ಎರಡೂ ಬೇಡದಿದ್ದರೆ "ಕೋಪಿ ಓ ಕೊಸೋಂಗ್" ಅನ್ನಿ.

ತಮಿಳರ ಅಂಗಡಿಗಳಿರುವ ಲಿಟಲ್ ಇಂಡಿಯಾ ಬೀದಿಗಳಲ್ಲಿ ಅಮ್ಮ ತೋಟದಲ್ಲಿ ಕಲಿತ ತಮಿಳು ಚೆನ್ನಾಗಿ ನಡೆಯಿತು. ಊರೊಳಗೆ ಸುತ್ತುವ ಕ್ಯಾಟ್ ಬಸ್ಸಿಗೆ ಟಿಕೆಟ್ ಇಲ್ಲ, ಮಂಡಿನೋವಿನವರಿಗೆ ಅದೇ ಸಾಕು. ನೀರಿನ ಮೇಲೆ ಕಂಬ ನಿಲ್ಲಿಸಿ ಮನೆ ಕಟ್ಟಿರುವ ಚ್ಯೂ ಜೆಟ್ಟಿಗೆ ಸಂಜೆ ಹೋಗಿ.

ಗೈಡ್ ಇದ್ದದ್ದರಿಂದ ಒಂದು ಅನುಕೂಲ ನಿಜವಾಗಿಯೂ ಆಯಿತು. ಅಮ್ಮ ದನದ ಮಾಂಸ ತಿನ್ನುವುದಿಲ್ಲ. ಯಾವುದರಲ್ಲಿ ಅದಿದೆ ಅಂತ ಗೈಡ್ ಮೊದಲೇ ಹೇಳುತ್ತಿದ್ದರು. ನಾವೇ ಹೋದಾಗ ಪ್ರತಿ ಕಡೆ "ದಾಗಿಂಗ್ ಲೆಂಬು" ಇದೆಯಾ ಅಂತ ಕೇಳಬೇಕಾಯಿತು. ಮಾಂಸವನ್ನೇ ಮುಟ್ಟದವರು, ಒಂದೇ ದಿನ ಇರುವವರು ಟೂರ್ ತೆಗೆದುಕೊಳ್ಳಲಿ.

ಟೂರ್‌ಗೆ ಇಬ್ಬರಿಗೆ ಮಲೇಷ್ಯಾ ದುಡ್ಡಿನಲ್ಲಿ 480 ರಿಂಗಿಟ್ ಆಯಿತು. ನಾವೇ ಸುತ್ತಿದ ದಿನ ಎಲ್ಲ ಸೇರಿ 85. ನಮಗೆ ಒಂದು ಲೋಟ ಕಾಫಿಗೆ ಅರ್ಧ ಗಂಟೆ ಬೇಕು, ದುಡ್ಡೂ ನೋಡಿಕೊಂಡೇ ಖರ್ಚು ಮಾಡಬೇಕು. ಮುಂದಿನ ಸಲ ಟೂರ್ ದುಡ್ಡಿನಲ್ಲಿ ಇನ್ನೆರಡು ರಾತ್ರಿ ಜಾಸ್ತಿ ಉಳಿಯೋಣ ಅಂತ ಅಮ್ಮ ಈಗಲೇ ಹೇಳಿದ್ದಾರೆ.