ಸೀಲ್ ಅಂಗಡಿಯ ರಬ್ಬರ್, ಟ್ಯೂಬಿನ ಅಕ್ರಿಲಿಕ್: ನಾಲ್ಕು ವರ್ಷ ಬಳಸಿದ ಮೇಲೆ

ಸಹಕಾರಿ ಸೊಸೈಟಿಯಲ್ಲಿ ದಿನವಿಡೀ ರಸೀದಿಗೆ ಸೀಲು ಒತ್ತುವವಳು ನಾನು. ಮನೆಗೆ ಬಂದ ಮೇಲೂ ಅದೇ ಕೆಲಸವಾ ಅಂತ ನಮ್ಮವರು ರೇಗಿಸುತ್ತಾರೆ. ಅಲ್ಲಿ ನೇರಳೆ ಇಂಕು, ಇಲ್ಲಿ ಅಕ್ರಿಲಿಕ್, ಅಷ್ಟೇ. ಹಳೆ ಕ್ಯಾಲೆಂಡರ್ ಹಾಳೆ, ಮದುವೆ ಕಾಗದದ ಚೂರು, ಬಸ್ ಟಿಕೆಟ್ಟು ಎಲ್ಲ ಅಂಟಿಸಿ, ಮೇಲೆ ಬಣ್ಣ ಬಳಿದು, ಅದರ ಮೇಲೆ ಅಚ್ಚೊತ್ತುವ ಮಿಕ್ಸೆಡ್ ಮೀಡಿಯಾ ಹುಚ್ಚು ಹಿಡಿದು ನಾಲ್ಕು ವರ್ಷ ದಾಟಿತು. ಇಷ್ಟು ದಿನದಲ್ಲಿ ಎರಡು ಬಗೆಯ ಅಚ್ಚು ಬಳಸಿದ್ದೇನೆ. ಒಂದು, ಆನ್‌ಲೈನಲ್ಲಿ 900 ರೂಪಾಯಿಗೆ ತರಿಸಿದ ಪಾರದರ್ಶಕ ಪಾಲಿಮರ್ ಸೆಟ್ಟು. ಇನ್ನೊಂದು, ಶಿವಮೊಗ್ಗದ ಸೀಲ್ ಅಂಗಡಿಯಲ್ಲಿ ಒಂದೊಂದಕ್ಕೆ 250 ಕೊಟ್ಟು ಮಾಡಿಸಿದ ಮೂರು ರಬ್ಬರ್ ಅಚ್ಚು. ಅಕ್ರಿಲಿಕ್‌ಗೆ ಯಾವುದು ವಾಸಿ ಅಂದರೆ ಯೋಚನೆಯೇ ಇಲ್ಲದೆ ಎರಡನೆಯದು ಅನ್ನುತ್ತೇನೆ.

ಕಾರಣ ಬಣ್ಣದ ಸ್ವಭಾವದಲ್ಲೇ ಇದೆ. ಅಕ್ರಿಲಿಕ್ ಬಣ್ಣ ಅಂದರೆ ನೀರಿನಲ್ಲಿ ಬೆರೆತಿರುವ ಅತಿ ಸಣ್ಣ ಪ್ಲಾಸ್ಟಿಕ್ ಕಣ, ಜೊತೆಗೆ ಬಣ್ಣದ ಪುಡಿ. ನೀರು ಆರಿದ ಹಾಗೆ ಆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ವಾಟರ್‌ಕಲರ್ ಆದರೆ ನಾಳೆ ನೀರು ಹಾಕಿದರೂ ಕರಗುತ್ತದೆ, ಇದು ಕರಗುವುದಿಲ್ಲ. ಕಾಗದದ ಮೇಲೆ ಅದೇ ವರ: ಮೇಲೆ ಎಷ್ಟು ಪದರ ಹಾಕಿದರೂ ಕೆಳಗಿನದು ಕದಡುವುದಿಲ್ಲ. ಅಚ್ಚಿನ ಸಂದಿಯಲ್ಲಿ ಒಣಗಿದರೆ ಮಾತ್ರ ಕಥೆ ಮುಗಿಯಿತು. ಏಪ್ರಿಲ್ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತರೆ, ಅಚ್ಚಿನ ಆ ಮೂಲೆಗೆ ಬಣ್ಣ ತಟ್ಟುವಷ್ಟರಲ್ಲಿ ಈ ಮೂಲೆ ಒಣಗಿರುತ್ತದೆ. ಬಣ್ಣಕ್ಕೆ ಎರಡು ಹನಿ ರಿಟಾರ್ಡರ್ (ಬೇಗ ಒಣಗದ ಹಾಗೆ ತಡೆಯುವ ದ್ರವ) ಬೆರೆಸಿದರೆ ಸ್ವಲ್ಪ ಪುರುಸೊತ್ತು ಸಿಗುತ್ತದೆ. ನಾನಂತೂ ಬೇಸಿಗೆಯಲ್ಲಿ ರಾತ್ರಿ ಊಟ ಆದ ಮೇಲೆಯೇ ಕೂರುವುದು.

ಸೀಲ್ ಅಂಗಡಿಗೆ ಹೋದ ದಿನದ್ದು ಹೇಳಲೇಬೇಕು. ಏಳು ಚುಕ್ಕಿಯ ಒಂದು ರಂಗೋಲಿ ಬರೆದುಕೊಂಡು ಹೋಗಿದ್ದೆ. ಅಂಗಡಿಯವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾವ ಆಫೀಸಿಂದು ಮೇಡಂ?" ಅಂದರು.

"ಆಫೀಸಲ್ಲ ಸಾರ್, ರಂಗೋಲಿ. ಪೇಂಟಿಂಗ್ ಮೇಲೆ ಒತ್ತೋಕೆ."

"ಪೇಂಟಾ? ಹಂಗಾದ್ರೆ ಗೆರೆ ಇಷ್ಟು ಸಣ್ಣ ಇದ್ರೆ ಆಗಲ್ಲ, ಮೆತ್ಕೊಂಡ್ಬಿಡುತ್ತೆ. ದಪ್ಪ ಮಾಡ್ಕೊಂಡ್ ಬನ್ನಿ."

ಇಂಕು ಹಚ್ಚುವ ಸೀಲುಗಳನ್ನೇ ಮಾಡುವ ಆ ಮನುಷ್ಯ ಅರ್ಧ ನಿಮಿಷದಲ್ಲಿ ಹೇಳಿದ ಮಾತು, 900 ರೂಪಾಯಿ ಸೆಟ್ಟಿನ ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ. ಗೆರೆಗಳನ್ನು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಮಾಡಿ ಕೊಟ್ಟೆ. ಪ್ಯಾಡೇ ಬೇಡದ, ಒಳಗೇ ಇಂಕು ತುಂಬಿದ ಸೀಲು ಮಾಡಿಕೊಡುತ್ತೇನೆ ಅಂತಲೂ ಕೇಳಿದರು. ಬೇಡ ಅಂದೆ. ಅದರ ಮುಖ ಸ್ಪಂಜಿನ ಹಾಗೆ ರಂಧ್ರ ರಂಧ್ರ, ಅಕ್ರಿಲಿಕ್ ಹೊಕ್ಕರೆ ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಮರದ ಹಿಡಿಯ ಹಳೆ ಕಾಲದ ಸೀಲೇ ಸರಿ. ಲೇಸರ್‌ನಲ್ಲಿ ಕೊರೆದ ರಬ್ಬರ್ ಮೊದಮೊದಲು ಸುಟ್ಟ ಟೈರಿನ ವಾಸನೆ ಹೊಡೆಯುತ್ತದೆ, ಕಪ್ಪು ಮಸಿಯೂ ಇರುತ್ತದೆ. ಸೋಪು ಹಾಕಿ ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೊಳೆದೇ ಬಳಸಿ, ಇಲ್ಲದಿದ್ದರೆ ಮೊದಲ ನಾಲ್ಕು ಅಚ್ಚು ಕೊಳಕು ಬರುತ್ತವೆ.

ಈಗ ಒತ್ತುವ ವಿಷಯ. ಅಚ್ಚನ್ನು ಬಣ್ಣದೊಳಗೆ ಅದ್ದಬೇಡಿ. ಮೇಕಪ್ ಸ್ಪಂಜಿನ ತುಂಡಿಗೆ ಬಣ್ಣ ಹಚ್ಚಿ, ಅದನ್ನು ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ ತಟ್ಟಿ ತೆಳ್ಳಗೆ ಮಾಡಿ, ಆಮೇಲೆ ಅಚ್ಚಿಗೆ ತಟ್ಟಿ. ಹದ ತಿಳಿಯುವುದು ಸದ್ದಿನಿಂದ: ಬಣ್ಣ ಜಾಸ್ತಿಯಾದರೆ ಪಚಪಚ ಅನ್ನುತ್ತದೆ, ಸರಿಯಾಗಿದ್ದರೆ ಅಂಟು ಟೇಪು ಬಿಡಿಸಿದ ಹಾಗೆ ಸಣ್ಣ ಚಟಚಟ. ಕಾಗದದ ಕೆಳಗೆ ಹಳೆ ಮೌಸ್ ಪ್ಯಾಡ್ ಇಟ್ಟರೆ ಗೆರೆ ಪೂರ್ತಿ ಮೂಡುತ್ತದೆ. ಆಫೀಸಿನ ಚಾಳಿಯಲ್ಲಿ ದಬಕ್ಕನೆ ಕುಟ್ಟಿದರೆ ಅಂಚೆಲ್ಲ ಹಿಂಡಿಕೊಂಡು ಹೊರಬರುತ್ತದೆ. ಈ ಚಾಳಿ ಬಿಡಿಸಿಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು.

ನನಗೆ ತುಂಬ ಹಿಡಿಸಿದ ಜೋಡಿ ಬರ್ನ್ಟ್ ಸಿಯೆನಾ ನೆಲದ ಮೇಲೆ ಟೈಟಾನಿಯಂ ವೈಟ್ ಅಚ್ಚು. ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿಹಿಟ್ಟಿನ ಗೆರೆ ಎಳೆದ ಹಾಗೆ ಕಾಣುತ್ತದೆ. ನಮ್ಮ ಅಮ್ಮ ನೋಡಿದವರೇ "ಸಾಗರದ ಕಡೆ ಹಸೆ ಗೋಡೆ ಇದ್ದ ಹಾಗಿದೆ" ಅಂದರು. ಗಾಢ ನೆಲದ ಮೇಲೆ ಇಷ್ಟು ಚೆನ್ನಾಗಿ ಕೂರುವ ಬಣ್ಣ ನನ್ನ ಹತ್ತಿರ ಬೇರೆ ಇಲ್ಲ. ಬೆರೆಸುವಾಗ ಒಂದು ನೆನಪಿರಲಿ: ಹಸಿ ಅಕ್ರಿಲಿಕ್ ತಿಳಿಯಾಗಿ ಕಂಡು, ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ.

ಪಾಲಿಮರ್ ಸೆಟ್ಟಿನ ವಿಷಯ ಹೇಳುವಷ್ಟು ಇಲ್ಲ. ಎಲ್ಲಿ ಕೂರುತ್ತದೆ ಅಂತ ಆರಪಾರ ಕಾಣುವುದು ನಿಜವಾಗಿಯೂ ಅನುಕೂಲ. ಇಂಕಿನ ಕೆಲಸಕ್ಕೆ ಈಗಲೂ ತೆಗೆಯುತ್ತೇನೆ. ಆದರೆ ಅಕ್ರಿಲಿಕ್‌ಗೆ ಎರಡೇ ವರ್ಷ. ಕಿಟಕಿ ಪಕ್ಕ ಇಟ್ಟಿದ್ದು ನನ್ನದೇ ತಪ್ಪು, ಬಿಸಿಲಿಗೆ ಹಳದಿಯಾಯಿತು, ಸಣ್ಣ ಎಲೆಗಳ ನರದಲ್ಲೆಲ್ಲ ಬಣ್ಣ ಕಟ್ಟಿತು. ಒಮ್ಮೆ ಸಿಟ್ಟು ಬಂದು ಮಗಳ ನೇಲ್ ಪಾಲಿಶ್ ರಿಮೂವರಿನಲ್ಲಿ ಒರೆಸಿದೆ. ಅದರಲ್ಲಿ ಅಸಿಟೋನ್ ಇತ್ತು. ಅಚ್ಚು ಕೂರಿಸುವ ಗಾಜಿನಂಥ ದಿಮ್ಮಿಯೂ ಅಕ್ರಿಲಿಕ್ ಪ್ಲಾಸ್ಟಿಕ್ಕೇ. ಬಣ್ಣ ಬಿಡಿಸಿದ ಅಸಿಟೋನ್ ದಿಮ್ಮಿಯನ್ನೂ ತಿಂದು ಮಂಜು ಕವಿದ ಹಾಗೆ ಮಾಡಿತು. ಇನ್ನು ಆರಪಾರದ ಮಾತೆಲ್ಲಿ!

ರಬ್ಬರ್ ಅಚ್ಚಿಗೂ ಒಂದು ಅನಾಹುತ ಮಾಡಿದ್ದೇನೆ. ರಾತ್ರಿ ಬಕೆಟ್ ನೀರಿನಲ್ಲಿ ಹಾಕಿ ಮರೆತು ಮಲಗಿದೆ. ಬೆಳಿಗ್ಗೆ ರಬ್ಬರ್ ಒಂದು ಕಡೆ, ಮರದ ಹಿಡಿ ಒಂದು ಕಡೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಹಚ್ಚಿ ಐದು ನಿಮಿಷ ಬಿಟ್ಟು ಕೂಡಿಸಿದೆ, ಇವತ್ತಿಗೂ ಅಲುಗಾಡಿಲ್ಲ. ಈಗ ಮೂರು ನಾಲ್ಕು ಅಚ್ಚಿಗೊಮ್ಮೆ ಒದ್ದೆ ಬಟ್ಟೆ, ಕೊನೆಯಲ್ಲಿ ಸೋಪು, ಟೂತ್‌ಬ್ರಷ್. ಒಣಗಿದ ಬಣ್ಣ ಉಳಿದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಲ್ಲಿ ಅದ್ದಿ ಒರೆಸಿ, ಕೂಡಲೇ ತೊಳೆಯುತ್ತೇನೆ. ಮೂರರಲ್ಲಿ ಒಂದಕ್ಕೂ ಗೆರೆ ಸವೆದಿಲ್ಲ. ಉಗುರಿನ ಸುತ್ತ ಮಾತ್ರ ವೋಟು ಹಾಕಿ ಬಂದವಳ ಹಾಗೆ ಸದಾ ಕಲೆ.

ಮಲೆನಾಡಿನ ಅಂಚಿನಲ್ಲಿರುವವರಿಗೆ ಮಳೆಗಾಲದ ಒಂದು ಎಚ್ಚರಿಕೆ. ಅಕ್ರಿಲಿಕ್ ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಆದರೆ ತೇವದ ಹವೆಯಲ್ಲಿ ಎರಡು ಬಣ್ಣದ ಪುಟ ಎದುರುಬದುರಾಗಿ ಒತ್ತಿಕೊಂಡರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎರಡನೇ ವರ್ಷದ ಜುಲೈಯಲ್ಲಿ ನನ್ನ ಪುಸ್ತಕದ ಹನ್ನೆರಡು ಪುಟ ಹೀಗಾದವು. ಬಿಡಿಸಿದರೆ ಚರ್ರನೆ ಹರಿದು, ಎಡಗಡೆಯ ರಂಗೋಲಿಯ ಅರ್ಧ ಬಲಗಡೆಗೆ ಹೋಗಿ ಕೂತಿತ್ತು. ಈಗ ನಡುನಡುವೆ ಬಟರ್ ಪೇಪರ್ ಇಟ್ಟು, ಪುಸ್ತಕದ ಮೇಲೆ ಭಾರ ಏನೂ ಹೇರದೆ ನಿಲ್ಲಿಸಿಡುತ್ತೇನೆ. ಆ ಹರಿದ ಪುಟವನ್ನು ಎಸೆಯಲಿಲ್ಲ, ಹರಿದ ಜಾಗಕ್ಕೆ ಹಳೆ ಪಂಚಾಂಗದ ಒಂದು ಚೂರು ಅಂಟಿಸಿ ಮೇಲೆ ಮತ್ತೆ ಅಚ್ಚೊತ್ತಿದ್ದೇನೆ. ಪಂಚಾಂಗದ ಆ ಚೂರಿನಲ್ಲಿ ರಾಹುಕಾಲ ಅಂತ ಇನ್ನೂ ಓದಲು ಬರುತ್ತದೆ.