ಪ್ಯಾಸಿವ್ ಪ್ರಿಆಂಪ್: ಬೆಳಗಿಗೆ ಒಪ್ಪಿತು, ಸಂಜೆಗೆ ಮಂಕಾಯಿತು

ಸಣ್ಣ ದನಿಯಲ್ಲಿ ಸಂಗೀತ ಕೇಳುವವರು ಪ್ರಿಆಂಪ್ (ಪ್ಲೇಯರ್‌ಗೂ ಸ್ಪೀಕರ್‌ಗಳನ್ನು ನುಡಿಸುವ ಪವರ್ ಆಂಪ್‌ಗೂ ನಡುವೆ ಕೂತು ದನಿ ಹೊಂದಿಸುವ ಪೆಟ್ಟಿಗೆ) ಕೊಳ್ಳುವ ಮೊದಲು ಅದರ ವಾಲ್ಯೂಮ್ ಗುಂಡಿಯನ್ನು ತಿರುಗಿಸಿ ನೋಡಬೇಕು. ಕರೆಂಟಿನ ಬಲದಿಂದ ಸಿಗ್ನಲ್ ಹಿಗ್ಗಿಸುವ ನನ್ನ ಹಳೆಯ ಆಕ್ಟಿವ್ ಪ್ರಿಆಂಪ್‌ನಲ್ಲಿ ಗುಂಡಿ ಚೂರು ಅಲುಗಿದರೂ ಮನೆಯವರೆಲ್ಲ ಏಳುತ್ತಿದ್ದರು. ಸಿ.ಡಿ. ಪ್ಲೇಯರ್ ಕೊಡುವ 2 ವೋಲ್ಟ್ ಪವರ್ ಆಂಪ್‌ಗೆ ಧಾರಾಳವಾಯಿತು. ಅದನ್ನು ಮತ್ತೆ ಹತ್ತು ಪಟ್ಟು ಹಿಗ್ಗಿಸಿದರೆ ಗುಂಡಿಯನ್ನು ತಳದಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ. ಅಲ್ಲಿ ಎಡಬಲಗಳ ಮಟ್ಟ ಹೊಂದುತ್ತಿರಲಿಲ್ಲ. ನಡುವೆ ಕೇಳಬೇಕಾದ ವೀಣೆ ಎಡಕ್ಕೆ ಸರಿಯುತ್ತಿತ್ತು. ಸಂಗೀತ ನಿಂತಾಗ ಸ್ಪೀಕರ್‌ನಿಂದ ಸುಯ್ಯೆನ್ನುವ ಸದ್ದು ಬೇರೆ.

ಅದರ ಬದಲು ತಂದ ಪ್ಯಾಸಿವ್ ಪೆಟ್ಟಿಗೆಗೆ ಕರೆಂಟೇ ಬೇಡ; ಅದು ಸಿಗ್ನಲನ್ನು ಹಿಗ್ಗಿಸುವುದಿಲ್ಲ, ತಗ್ಗಿಸುತ್ತದಷ್ಟೇ. ಒಂದು ಸೆಲೆಕ್ಟರ್, 50 ಕಿಲೋಓಮ್‌ನ ಪೊಟೆನ್ಶಿಯೊಮೀಟರ್ (ವಾಲ್ಯೂಮ್ ಗುಂಡಿಗೆ ಸೇರಿದ, ತಿರುಗಿಸಿ ಹೊಂದಿಸುವ ರೆಸಿಸ್ಟರ್), ಕೆಲವು ಸಾಕೆಟ್ ಇದ್ದರೆ ಮುಗಿಯಿತು; ನನ್ನ ಜೇಬಿಗೂ ಹಗುರ. ಬೆಳಗ್ಗೆ ಕೋಣೆಯ ಬಾಗಿಲು ಮುಚ್ಚಿ, ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಗುಂಡಿಯನ್ನು ನಿಧಾನವಾಗಿ ಮೇಲೇರಿಸುತ್ತೇನೆ. ಈಗ ಕೈಗೆ ಬೇಕಾದಷ್ಟು ಜಾಗವಿದೆ. ದೊರೆಸ್ವಾಮಿ ಅಯ್ಯಂಗಾರ್ ಅವರ ಒಂದೇ ಮೀಟಿನ ನಾದ ಕರಗಿ ಹೋಗುವವರೆಗೂ ಹಿಂಬಾಲಿಸಬಹುದು, ವೀಣೆಯೂ ನಡುವೆಯೇ ನಿಲ್ಲುತ್ತದೆ. ಇಷ್ಟು ಸರಳವಾದ ಪೆಟ್ಟಿಗೆಯಿಂದ ಇಷ್ಟು ಸುಖ ಸಿಗುತ್ತದೆಂದು ನಾನು ಎಣಿಸಿರಲಿಲ್ಲ.

ಪವರ್ ಆಂಪನ್ನು ಸ್ಪೀಕರ್‌ಗಳ ಬಳಿಗೆ ಒಯ್ದು 5 ಮೀಟರ್ ಕೇಬಲ್ ಎಳೆದ ಮೇಲೆ ಬೇಸರ ಶುರುವಾಯಿತು. ಬೆಳಗಿನ ಮೆಲುದನಿಗೆ ಏನೂ ಆಗಲಿಲ್ಲ. ಸಂಜೆ ನೆಂಟರೊಡನೆ ಕೂತು ದನಿ ಏರಿಸಿದರೆ ಮಾತ್ರ ತಂಬೂರಿಯ ಝೇಂಕಾರ ಮಂಕಾಗುತ್ತಿತ್ತು. ವೋಲ್ಟೇಜ್ ಅರ್ಧಕ್ಕಿಳಿಯುವ ಸ್ಥಾನದಲ್ಲಿ ಈ ಪೊಟೆನ್ಶಿಯೊಮೀಟರಿನ ಔಟ್‌ಪುಟ್ ಇಂಪೀಡೆನ್ಸ್ (ಹೊರಹೋಗುವ ಸಿಗ್ನಲ್‌ಗೆ ಎದುರಾಗುವ ತಡೆ) 12.5 ಕಿಲೋಓಮ್‌ಗೆ ಏರುತ್ತದೆ. ಅದಕ್ಕೆ ಮೀಟರಿಗೆ 100 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುವ ಈ 5 ಮೀಟರ್ ಕೇಬಲ್ ಸೇರಿದರೆ, ಕಿವಿಗೆ ಕೇಳುವ ಎತ್ತರದ ಸ್ವರಗಳ ಕೊನೆಯಾದ 20 ಕಿಲೋಹರ್ಟ್ಸ್ ಹೊತ್ತಿಗೆ ಸುಮಾರು 2 ಡೆಸಿಬೆಲ್ ಸೋರಿಹೋಗುತ್ತದೆ. ಆಕ್ಟಿವ್ ಪ್ರಿಆಂಪ್‌ಗೆ ಈ ಉದ್ದ ಲೆಕ್ಕಕ್ಕೇ ಇಲ್ಲ, ಅದನ್ನು ಒಪ್ಪಲೇಬೇಕು.

ಎಲ್.ಪಿ. ವಿಷಯದಲ್ಲೂ ಆಕ್ಟಿವ್‌ಗೇ ನನ್ನ ಮತ. 5 ಮಿಲಿವೋಲ್ಟ್ ಕೊಡುವ ಕಾರ್ಟ್ರಿಡ್ಜ್‌ನ (ಎಲ್.ಪಿ.ಯ ಗೀರು ಓದುವ ಸೂಜಿಯ ಭಾಗ) ಸಿಗ್ನಲ್, ಅದನ್ನು 40 ಡೆಸಿಬೆಲ್ ಅಂದರೆ ನೂರು ಪಟ್ಟು ಹಿಗ್ಗಿಸುವ ಫೋನೊ ಸ್ಟೇಜ್ ದಾಟಿದರೂ ಸಿಗುವುದು ಅರ್ಧ ವೋಲ್ಟ್. ಮಲ್ಲಿಕಾರ್ಜುನ ಮನ್ಸೂರರ ಎಲ್.ಪಿ. ಹಾಕಿದಾಗ ಗುಂಡಿ ಕೊನೆಗೆ ಮುಟ್ಟಿದರೂ ತಾನುಗಳಲ್ಲಿ ಕಸುವು ಸಾಲದು.

ಆದರೂ ಪ್ಯಾಸಿವ್ ಪೆಟ್ಟಿಗೆಯನ್ನು ಮಾರುವ ಮನಸ್ಸಿಲ್ಲ. ಕೇಬಲನ್ನು ಒಂದು ಮೀಟರಿಗೆ ಇಳಿಸಿದ್ದೇನೆ, ಪವರ್ ಆಂಪ್ ಮತ್ತೆ ಕಪಾಟಿಗೆ ಬಂದಿದೆ, ಸ್ಪೀಕರ್ ತಂತಿ ಉದ್ದವಾಗಿದೆ. ಸಿ.ಡಿ.ಗಳನ್ನೇ ಹೆಚ್ಚು ಕೇಳುವವರು ಹೊಸದಾಗಿ ಕೊಳ್ಳುವುದಾದರೆ 10 ಕಿಲೋಓಮ್‌ನ ಪೊಟೆನ್ಶಿಯೊಮೀಟರ್ ಇರುವುದನ್ನೇ ಕೇಳಿ ಪಡೆಯಿರಿ; ಅದರ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ.